ನಿಧಾನಣ್ಣನ ಕೀ ಬಗ್ಗೆ ಒಂದು ನಿರ್ಣಯ

ಈ ಸಭೆಯ ಅಧ್ಯಕ್ಷತೆ ವಹಿಸಿ, ಗಂಟೆಯ ಮೇಲೆ ಈಗಲೇ ಕೈಯಿಟ್ಟು ಕುಳಿತಿರುವ ನಮ್ಮ ಸಂಘದ ಅಧ್ಯಕ್ಷರೇ, ಲೈಸೆನ್ಸ್ ಕಚೇರಿಯ ಕುರ್ಚಿಯನ್ನು ಒಂದು ಸಂಜೆಯ ಮಟ್ಟಿಗೆ ಖಾಲಿ ಬಿಟ್ಟು ಬಂದಿರುವ ಮುಖ್ಯ ಅತಿಥಿಗಳೇ, ಇವತ್ತಿನ ಸನ್ಮಾನಿತರೂ ನನ್ನ ಹಳೆಯ ಸಂಗಾತಿಯೂ ಆದ ನಿಧಾನಣ್ಣ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ಗಿರಣಿಯ ಗೆಳೆಯರೇ, ಅಕ್ಕತಂಗಿಯರೇ, ಸಭಿಕರೇ,

ಕಾರ್ಯಕ್ರಮದ ಕಾಗದದಲ್ಲಿ ನನ್ನ ಪಾಲಿಗೆ 'ಅಭಿನಂದನಾ ನುಡಿ' ಎಂದು ಅಚ್ಚು ಹಾಕಿಸಿದ್ದಾರೆ. ಅಭಿನಂದನೆ ಮಾಡುತ್ತೇನೆ. ಆದರೆ ಬಂದ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ. ನಿಧಾನಣ್ಣನಿಗೆ ಈಗ ಎಂಬತ್ತೇಳು ದಾಟಿದೆ. ಅವನ ಕೈಯಲ್ಲಿರುವ ಶವದ ವ್ಯಾನಿನ ಕೀಯನ್ನು ಈ ವೇದಿಕೆಯ ಮೇಲೆ, ನಿಮ್ಮೆಲ್ಲರ ಕಣ್ಣೆದುರಿಗೆ, ಇಸಿದುಕೊಳ್ಳಲು ಬಂದಿದ್ದೇನೆ. ಹೂಗುಚ್ಛ ಕೊಟ್ಟು ಕೀ ಕಿತ್ತುಕೊಳ್ಳುವುದೇನು ನ್ಯಾಯ ಎಂದು ಮುಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಕೇಳಿಸಿತು. ಕಿವಿ ಇನ್ನೂ ನೆಟ್ಟಗಿದೆ ನನಗೆ.

ಈ ಮಾತಾಡುತ್ತಿರುವ ಕಾರ್ಯದರ್ಶಿಗೂ ಎಪ್ಪತ್ತೆಂಟಾಯ್ತಲ್ಲ, ಇವನ ಕೈಯಿಂದ ಸಂಘದ ಕೀ ಇಸಿದುಕೊಳ್ಳುವವರು ಯಾರು ಎಂದು ನಗುತ್ತಿದ್ದೀರಿ. ನಗಿ. ಅದಕ್ಕೂ ಒಂದು ಸಭೆ ಕರೆಯೋಣ. ಇವತ್ತು ವ್ಯಾನಿನ ಸಭೆ.

ಈ ವ್ಯಾನನ್ನು ನಮಗೆ ಯಾರೂ ದಾನ ಕೊಟ್ಟದ್ದಲ್ಲ. ಚಿಕ್ಕವರಿಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ನಗರಸಭೆಯ ಶವದ ವಾಹನ ಒಂದಿತ್ತು. ಊರಿನ ಎಲ್ಲ ಬೀದಿಗೂ ಹೋಗುತ್ತಿತ್ತು, ಗಿರಣಿ ಕೆಲಸಗಾರರ ಮನೆಗಳಿದ್ದ ಲೈನಿಗೆ ಮಾತ್ರ ಬರುತ್ತಿರಲಿಲ್ಲ. ಯಾಕೆ ಸ್ವಾಮಿ ಎಂದು ಕೇಳಿದರೆ, ನಿಮ್ಮ ಬೀದಿ ಇಕ್ಕಟ್ಟು, ಗಾಡಿ ತಿರುಗೋದಿಲ್ಲ ಎನ್ನುತ್ತಿದ್ದರು. ಮುಷ್ಕರದ ದಿನ ಅದೇ ಬೀದಿಗೆ ಪೊಲೀಸ್ ವ್ಯಾನು ಬಂತಲ್ಲ! ಒಂದರ ಹಿಂದೆ ಒಂದು ಬಂದವು, ಸಲೀಸಾಗಿ ತಿರುಗಿಕೊಂಡು ನಮ್ಮನ್ನು ತುಂಬಿಕೊಂಡು ಹೋದವು. ನಮ್ಮನ್ನು ಒಯ್ಯುವುದಕ್ಕೆ ಅಗಲವಾಗಿದ್ದ ಬೀದಿ ನಮ್ಮ ಹೆಣ ಒಯ್ಯುವುದಕ್ಕೆ ಇಕ್ಕಟ್ಟಾಗುತ್ತಿತ್ತು. ಹಾಗಾದರೆ ನಮ್ಮ ಸತ್ತವರು ಹೇಗೆ ಹೋಗುತ್ತಿದ್ದರು? ಕಸದ ಗಾಡಿಯಲ್ಲಿ ಹೋಗುತ್ತಿದ್ದರು. ಬೆಳಿಗ್ಗೆ ಕಸ, ಮಧ್ಯಾಹ್ನ ನಮ್ಮಪ್ಪ. ನಾನು ಆ ಗಾಡಿಯ ಹಿಂದೆ ನಡೆದಿದ್ದೇನೆ. ಆ ವಾಸನೆಯ ಹಿಂದೆ ನಡೆದವನು ಆಮೇಲೆ ಏನು ಬೇಕಾದರೂ ಮಾಡಬಲ್ಲ. ನಾವು ಸಂಘ ಕಟ್ಟಿದೆವು, ವ್ಯಾನು ತಂದೆವು. ಗಿರಣಿಯ ಲಾರಿ ಓಡಿಸುತ್ತಿದ್ದ ನಿಧಾನಣ್ಣನನ್ನು ಮುಷ್ಕರದ ಕಾರಣಕ್ಕೆ ಆಡಳಿತದವರು ಹೊರಗೆ ಹಾಕಿದ್ದರು. ಅವನೇ ಬಂದು, "ನಾನು ಓಡಿಸ್ತೀನಿ ಕೊಡ್ರಪ್ಪ, ಹೊರಗೆ ಹಾಕಿಸಿಕೊಂಡವರು ಹೊರಗೆ ಹೋಗೋವರಿಗೆ ಆಗ್ತೀವಿ" ಎಂದ.

ಅವತ್ತಿನಿಂದ ಅವನೇ ಓಡಿಸುತ್ತಿದ್ದಾನೆ. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ ಹೋಗುತ್ತಾರೆ, ನಡೆಯುವವರೂ ಒಮ್ಮೊಮ್ಮೆ ಹಿಂದೆ ಹಾಕುತ್ತಾರೆ. ಹೆಸರು ಬಂದದ್ದು ಹಾಗೆ. ಯಾಕಣ್ಣ ಇಷ್ಟು ನಿಧಾನ ಎಂದರೆ, "ಒಳಗಿರೋವರು ಬೀದಿ ನೋಡ್ಕೊಳ್ಳಲಿ ಬಿಡಿ, ಇನ್ನೊಂದ್ ಸಲ ಬರ್ತಾರಾ ಈ ಕಡೆ?" ಎನ್ನುತ್ತಾನೆ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ವ್ಯಾನು ಬಂದ ಹೊಸದರಲ್ಲಿ ಯಾರೋ ಸುಳ್ಳು ಸುದ್ದಿ ಕಳಿಸಿ ವ್ಯಾನನ್ನು ಊರಾಚೆಗೆ ಓಡಿಸಿದರು. ಅಲ್ಲಿ ಹೆಣವೂ ಇರಲಿಲ್ಲ, ಮನೆಯೂ ಇರಲಿಲ್ಲ. ಅದೇ ಹೊತ್ತಿಗೆ ಲೈನಿನಲ್ಲಿ ನಿಜವಾಗಿ ಸತ್ತವರೊಬ್ಬರು ಇಡೀ ದಿನ ಬಿಸಿಲಿನಲ್ಲಿ ಕಾದರು. ಅವತ್ತು ಸಂಘ ಒಂದು ಕಟ್ಟುಪಾಡು ಮಾಡಿತು. ಕಾರ್ಯದರ್ಶಿ ತಾನೇ ವ್ಯಾನು ನಿಲ್ಲುವ ಶೆಡ್ಡಿನ ಬಾಗಿಲಿಗೆ ಬಂದು, ಇಂಥವರ ಮನೆಗೆ ಹೋಗು ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳದ ಹೊರತು ವ್ಯಾನು ಅಲ್ಲಾಡಕೂಡದು. ಚೀಟಿ ನಡೆಯುವುದಿಲ್ಲ, ಫೋನು ನಡೆಯುವುದಿಲ್ಲ, ಇನ್ನೊಬ್ಬರ ಕೈಲಿ ಹೇಳಿ ಕಳಿಸುವುದು ನಡೆಯುವುದಿಲ್ಲ. ನಿಧಾನಣ್ಣ ಈ ಕಟ್ಟುಪಾಡನ್ನು ಒಮ್ಮೆಯೂ ಮುರಿದಿಲ್ಲ. ನಾನು ಜ್ವರದಲ್ಲಿ ಮಲಗಿದ್ದಾಗಲೂ ಕಂಬಳಿ ಹೊದ್ದು ಶೆಡ್ಡಿಗೆ ಹೋಗಿ ಹೇಳಿ ಬಂದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ತೀರಾ ವಯಸ್ಸಾದವರು ಗಾಡಿ ಓಡಿಸಬೇಕೇ, ಬೇಡವೇ? ನನಗೂ ಈ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. ಮುದುಕರ ಕೈಯಿಂದ ಕೀ ಕಸಿಯುವ ಮೊದಲು, ಮುದುಕರು ಗಾಡಿ ಯಾಕೆ ಹತ್ತುತ್ತಾರೆ ಎಂದು ಕೇಳಿದ್ದೀರಾ? ಬಸ್ಸು ನಿಲ್ಲಿಸಿದವರು ಯಾರು? ನಷ್ಟ ಎಂದಿರಿ, ನಿಲ್ಲಿಸಿದಿರಿ. ಕಾಲುದಾರಿ ಕಿತ್ತು ಹಾಕಿದವರು ಯಾರು? ಆಸ್ಪತ್ರೆಯನ್ನು ಊರಾಚೆ ಬಯಲಿಗೆ ಒಯ್ದವರು ಯಾರು? ಎಲ್ಲವನ್ನೂ ದೂರ ಮಾಡಿಟ್ಟು, ದೂರ ಹೋಗುವ ಒಂದೇ ಉಪಾಯವನ್ನೂ ಕಿತ್ತುಕೊಂಡು, ಅಜ್ಜ ನೀನು ಮನೆಯಲ್ಲಿರು, ಟೀವಿ ನೋಡು ಎನ್ನುತ್ತೀರಿ. ಇದಕ್ಕೆ ಸುರಕ್ಷತೆ ಎಂದು ಹೆಸರು ಬೇರೆ! ದೇಶಗಳನ್ನೇ ಓಡಿಸುವ ಮುದುಕರಿದ್ದಾರಲ್ಲ, ಅವರ ಕಣ್ಣು ಪರೀಕ್ಷೆ ಮಾಡಿದವರು ಯಾರಾದರೂ ಇದ್ದೀರಾ? ಮುಖ್ಯ ಅತಿಥಿಗಳು ತಲೆ ತಗ್ಗಿಸಿದರು. ಅವರ ಇಲಾಖೆಗೆ ಅದು ಬರುವುದಿಲ್ಲ, ಪಾಪ.

ಆದರೂ ಹೇಳುತ್ತೇನೆ, ಒಂದು ಹೊತ್ತು ಬರುತ್ತದೆ. ನನಗೂ ಬಂತು. ನನ್ನ ಸ್ಕೂಟರು ನಿಮಗೆಲ್ಲ ಗೊತ್ತು. ಒಂದು ಬೆಳಿಗ್ಗೆ ಬ್ರೇಕು ಹಿಡಿಯುವ ಬದಲು ಕೈ ತಾನಾಗಿ ಆಕ್ಸಿಲರೇಟರ್ ತಿರುವಿತು, ಹಾಲಿನ ಬೂತಿಗೆ ಗುದ್ದಿದೆ. ಮನೆಗೆ ಬಂದು, ಬೂತು ರಸ್ತೆಗೆ ಅಡ್ಡ ಬಂತು ಎಂದೆ. ನಮ್ಮನೆಯವಳು ನೂಲಿನ ವಿಭಾಗದಲ್ಲಿ ದುಡಿದವಳು, ಹೆಂಗಸರ ಗೇಟಿನಲ್ಲಿ ಮೇಸ್ತ್ರಿಯ ಕೊರಳಪಟ್ಟಿ ಹಿಡಿದವಳು. ಬಿಡುತ್ತಾಳೆಯೇ? "ಬೂತು ಎದ್ದು ಬಂತಾ ರೀ? ಮೆರವಣಿಗೇಲಿ ಬಂತಾ, ಒಂದೇ ಬಂತಾ?" ಎಂದು ಕೇಳಿದಳು. ಮಾರನೇ ದಿನ ಕೀ ಇರಲಿಲ್ಲ. ನಾನು ಕೂಗಾಡಿದೆ. ಹುಡುಕಿದರೆ ಹಿಟ್ಟಿನ ಡಬ್ಬಿಯಲ್ಲಿತ್ತು. ನೋಡಿದೆ, ಮುಚ್ಚಳ ಮುಚ್ಚಿದೆ. ಸಿಕ್ಕಿತು ಎಂದು ಅವಳಿಗೆ ಇವತ್ತಿಗೂ ಹೇಳಿಲ್ಲ. ಅವಳು ಬಚ್ಚಿಟ್ಟಿದ್ದಾಳೆ, ನಾನು ಹುಡುಕುತ್ತಿದ್ದೇನೆ, ನಮ್ಮ ಸಂಸಾರ ನಡೆಯುತ್ತಿದೆ. ಅದಕ್ಕಿಂತ ಏನು ಬೇಕು?

ಅವಳು ಈ ಸಭೆಗೆ ಬಂದಿಲ್ಲ. ಕಾಲು ನೋವು. ಕಾಲು ನೋವು ಅಷ್ಟೇ.

ನಿಧಾನಣ್ಣನ ಕಣ್ಣಿನ ಬಗ್ಗೆ ಹೇಳುತ್ತಿದ್ದೆ. ಸಾಹೇಬರೇ, ನಿಮ್ಮ ಕಚೇರಿಯ ಅಕ್ಷರದ ಹಲಗೆಯನ್ನು ದಯವಿಟ್ಟು ಬದಲಾಯಿಸಿ. ನಿಧಾನಣ್ಣನಿಗೆ ಅದು ಬಾಯಿಪಾಠ. ಅವನು ಹಲಗೆಯ ಕಡೆ ಬೆನ್ನು ಹಾಕಿಯೂ ಓದಬಲ್ಲ. ಸಂಘದ ಪರವಾಗಿ ಪರೀಕ್ಷೆ ಮಾಡೋಣವೆಂದು ಒಂದು ಮಧ್ಯಾಹ್ನ ನಾನೇ ಅವನ ಪಕ್ಕ ಕೂತು ಹೋದೆ. ಮೂಗು ಗಾಜಿಗೆ ತಾಗುವ ಹಾಗೆ ಬಾಗಿ ಓಡಿಸುತ್ತಿದ್ದ. ಮಹಡಿಯಲ್ಲಿ ಒಣಗಲು ಹಾಕಿದ್ದ ಕೆಂಪು ಚಾದರ ನೋಡಿ, "ಮೆರವಣಿಗೆ ಇದೆ, ಸ್ವಲ್ಪ ತಡೀರಿ" ಎಂದು ನಿಲ್ಲಿಸಿದ. ಕುರುಡ ಎಂದುಕೊಂಡೆ. ಆದರೆ ತಿರುವು ಬಂದರೆ ಕೂದಲೆಳೆಯಷ್ಟೂ ತಪ್ಪದೆ ತಿರುಗಿಸುತ್ತಿದ್ದ. ನಡುನಡುವೆ ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ, "ಆಯ್ತು, ಆಯ್ತು" ಎನ್ನುತ್ತಿದ್ದ.

"ಯಾರಿಗೆ ಹೇಳ್ತಿದ್ದೀಯ ನಿಧಾನಣ್ಣ?"

"ಹಿಂದಿನವರಿಗೆ."

"ಹಿಂದೆ ಯಾರೂ ಇಲ್ಲವಲ್ಲೋ. ಖಾಲಿ ಗಾಡಿ."

"ಎಡಕ್ಕೆ, ಬಲಕ್ಕೆ ಅಂತ ಹೇಳ್ತಾರೆ. ದಾರಿ ಅವರಿಗೆ ಚೆನ್ನಾಗಿ ಗೊತ್ತು ಕಾರ್ಯದರ್ಶಿಗಳೇ. ಒಂದೊಂದ್ ಸಲ ಹೋದೋರಲ್ವಾ."

ನಾನು ಹಿಂದೆ ತಿರುಗಿ ನೋಡಿದೆ. ತಿರುಗಿ ನೋಡಬಾರದಿತ್ತು ಎಂದಲ್ಲ. ಏನೂ ಇರಲಿಲ್ಲ. ಎರಡು ಬೆಂಚು, ನಡುವೆ ಹಲಗೆ, ಹಲಗೆಯ ಮೇಲೆ ಮಡಿಸಿದ ಬಿಳಿ ಬಟ್ಟೆ. ನಾನು ದೆವ್ವಭೂತ ನಂಬುವವನಲ್ಲ. ಮಾಟಗಾರನ ಮನೆಯೆದುರು ಕುಳಿತು ಊಟ ಮಾಡಿ ತೋರಿಸಿದವನು ನಾನು. ಇದು ಇಳಿವಯಸ್ಸಿನ ಮಿದುಳಿನ ಆಟ. ಕಿವಿಯೊಳಗಿನ ನರ ಸವೆದರೆ ಸದ್ದು ಕೇಳುತ್ತದೆ, ಒಂಟಿತನಕ್ಕೆ ಆ ಸದ್ದು ಮಾತಾಗುತ್ತದೆ. ಇಂಥವನ ಕೈಯಲ್ಲಿ ಕೀ ಇರಬೇಕೇ ಎಂಬುದಷ್ಟೇ ಪ್ರಶ್ನೆ.

ಆಮೇಲೆ ಅವನು ತಪ್ಪು ಮನೆಗಳಿಗೆ ಹೋಗತೊಡಗಿದ. ನಿಮ್ಮಲ್ಲಿ ಬಹಳ ಜನ ಈ ಬಗ್ಗೆ ಗುಸುಗುಸು ಮಾತಾಡಿದ್ದೀರಿ, ಈಗ ಮೈಕಿನಲ್ಲೇ ಮಾತಾಡೋಣ. ಮೊದಲು ದರ್ಜಿಯ ಅಂಗಡಿ. ಬೆಳಿಗ್ಗೆ ಅಂಗಡಿ ತೆಗೆದರೆ ಎದುರಿಗೆ ವ್ಯಾನು ನಿಂತಿದೆ. ದರ್ಜಿ ನಗುನಗುತ್ತಾ ಹೊರಗೆ ಬಂದ, ಕೊರಳಲ್ಲಿ ಟೇಪು. "ಏನ್ ನಿಧಾನಣ್ಣ, ಅಳತೆ ಕೊಡೋಕೆ ಬಂದ್ಯಾ, ತಗೊಳ್ಳೋಕೆ ಬಂದ್ಯಾ?" ಬೀದಿಯೆಲ್ಲ ನಕ್ಕಿತು. ಮಾರನೇ ದಿನ ದರ್ಜಿ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟವನು ಏಳಲಿಲ್ಲ. ಕಾಲು ಇನ್ನೂ ಪೆಡಲ್ಲಿನ ಮೇಲಿತ್ತು. ಆಮೇಲೆ ಹೆಡ್‌ಮಿಸ್ಸು, ಲೈನಿನ ಮಕ್ಕಳಿಗೆಲ್ಲ ಕೈಬರಹ ಕಲಿಸಿದವರು. ಅವರು ಕಿಟಕಿಯಿಂದಲೇ, "ಏಯ್, ಇಲ್ಲಿ ಯಾರೂ ಹೋಗಿಲ್ಲ ಕಣೋ, ಮನೆ ಬೋರ್ಡು ಓದೋಕೆ ಬರಲ್ವಾ ನಿನಗೆ?" ಎಂದು ಗದರಿದರು. ನಿಧಾನಣ್ಣ ತಪ್ಪಾಯ್ತಮ್ಮ ಎಂದು ಹಿಂದಕ್ಕೆ ತೆಗೆದ. ಅವತ್ತು ಸಂಜೆ ದೀಪ ಹಾಕುವ ಹೊತ್ತಿಗೆ ಅದೇ ಮನೆಗೆ ವ್ಯಾನು ಮತ್ತೆ ಹೋಗಬೇಕಾಯಿತು. ನಾನೇ ಶೆಡ್ಡಿಗೆ ಹೋಗಿ ಹೇಳಿದೆ.

ಅವನಿಗೆ ಮುಂಚೆಯೇ ಗೊತ್ತಾಗುತ್ತದಂತೆ! ಹೀಗೆಂದು ಪಿಸುಗುಟ್ಟಿದವರು ಸಂಘದ ಸದಸ್ಯರಾ ನೀವು? ನಾಚಿಕೆಯಾಗಬೇಕು. ಕಾರಣ ನಾನು ಹೇಳುತ್ತೇನೆ, ಕೇಳಿ. ವಯಸ್ಸಾದ ಮನುಷ್ಯ ಬೆಳಿಗ್ಗೆ ಬಾಗಿಲು ತೆಗೆಯುತ್ತಾನೆ, ಎದುರಿಗೆ ಶವದ ವ್ಯಾನು. ಎದೆ ಧಸಕ್ಕೆನ್ನುತ್ತದೆ. ಮೇಲೆ ನಗುತ್ತಾನೆ, ಒಳಗೆ ನರವೊಂದು ಕಿತ್ತುಹೋಗಿರುತ್ತದೆ. ದರ್ಜಿಯನ್ನು ಕೊಂದದ್ದು ಆ ವ್ಯಾನಿನ ದರ್ಶನ, ಹೆಡ್‌ಮಿಸ್ಸನ್ನು ಕೊಂದದ್ದೂ ಅದೇ. ಬೇರೆ ಮುದುಕರ ಗಾಡಿ ಜನರಿಗೆ ಗುದ್ದಿ ಕೊಲ್ಲುತ್ತದೆ. ನಮ್ಮ ನಿಧಾನಣ್ಣನ ಗಾಡಿ ಬಾಗಿಲಲ್ಲಿ ನಿಂತು ಕೊಲ್ಲುತ್ತದೆ. ವ್ಯತ್ಯಾಸ ಏನು? ಎರಡೂ ಅಪಘಾತವೇ.

ಕರೆಂಟಿನ ಹುಡುಗ? ಯಾರು ಕೇಳಿದ್ದು? ಹೌದು, ಅವನು ಮುದುಕನಲ್ಲ, ಮೂವತ್ತೂ ಆಗಿರಲಿಲ್ಲ. ಹೌದು, ವ್ಯಾನು ಅವನ ಮನೆ ಮುಂದೆ ನಿಂತಾಗ ಅವನು ಕೆಲಸಕ್ಕೆ ಹೋಗಿದ್ದ, ಅದನ್ನು ನೋಡಲೇ ಇಲ್ಲ. ಅದು ಬೇರೆ ವಿಷಯ. ಅವನನ್ನು ಕೊಂದದ್ದು ಕಂಬದ ಮೇಲಿನ ತಂತಿ. ಒಂದು ತಂತಿಯನ್ನು ತಂದು ಇಲ್ಲಿ ಸೇರಿಸಬೇಡಿ.

ಸಂಘ ನನ್ನನ್ನೇ ವಿಚಾರಣೆಗೆ ನೇಮಿಸಿತು. ಶೆಡ್ಡಿಗೆ ಹೋದೆ. ನಿಧಾನಣ್ಣ ಗ್ರೀಸ್ ಮೆತ್ತಿದ ನೆಲದ ಮೇಲೆ ಸ್ಟೂಲು ಎಳೆದು ಕೊಟ್ಟ, ತಾನು ವ್ಯಾನಿನ ಮೆಟ್ಟಿಲ ಮೇಲೆ ಕೂತ.

"ಕಟ್ಟುಪಾಡು ಯಾಕೆ ಮುರಿದೆ ನಿಧಾನಣ್ಣ?" ಎಂದೆ.

"ಎಲ್ಲಿ ಮುರಿದೆ?"

"ಯಾರು ಹೇಳಿದ್ರು ಅಂತ ದರ್ಜಿ ಅಂಗಡಿಗೆ ಹೋದೆ?"

ಅವನು ನನ್ನ ಮುಖದ ಕಡೆ ನೋಡಿದ, ಮುಖ ಎಲ್ಲಿರಬಹುದೋ ಆ ಕಡೆ. "ನೀವೇ ಹೇಳಿದ್ರಲ್ಲ."

"ನಾನಾ?"

"ಹಿಂದಿನ ಸಂಜೆ ಬಂದ್ರಿ. ಇಲ್ಲೇ ಬಾಗಿಲಲ್ಲಿ ನಿಂತ್ರಿ. ಒಳಗೆ ಬನ್ನಿ ಅಂದೆ, ಬರಲಿಲ್ಲ. ಬೆಳಿಗ್ಗೆ ದರ್ಜಿ ಅಂಗಡಿಗೆ ಹೋಗು ಅಂದ್ರಿ. ಹೆಡ್‌ಮಿಸ್ ಮನೆಗೂ ನೀವೇ ಹೇಳಿದ್ದು. ಆ ಹುಡುಗನ ಮನೆಗೆ ಅಂದಾಗ ನಾನು ಎರಡು ಸಲ ಕೇಳಿದೆ, ಚಿಕ್ಕ ಹುಡುಗ ಕಾರ್ಯದರ್ಶಿಗಳೇ, ಸರಿಯಾಗಿ ವಿಚಾರಿಸಿದ್ದೀರಾ ಅಂತ. ಹೌದು ಹೋಗು ಅಂದ್ರಿ. ನಿಮ್ಮ ಮಾತು ಮೀರೋದುಂಟಾ ನಾನು?"

"ನಿನಗೆ ಕಣ್ಣು ಕಾಣಲ್ಲ. ಬೇರೆ ಯಾರೋ ಬಂದಿರಬೇಕು."

"ಕಣ್ಣು ಕಾಣಲ್ಲ. ನಿಮ್ಮ ಧ್ವನಿ ಕೇಳಲ್ವಾ? ಈ ಧ್ವನಿ ಕೇಳಿಕೊಂಡೇ ಅಲ್ವಾ ನಾನು ಗಿರಣಿಯಿಂದ ಹೊರಗೆ ಬಂದಿದ್ದು."

ಸಭಿಕರೇ, ಅವನು ಹೇಳುವ ಆ ಹಿಂದಿನ ಸಂಜೆಗಳಲ್ಲಿ ನಾನು ಶೆಡ್ಡಿಗೆ ಹೋಗಿಲ್ಲ. ನಾನು ಸಂಜೆ ಎಲ್ಲಿರುತ್ತೇನೆ ಎಂದು ಊರಿಗೇ ಗೊತ್ತು. ವರಾಂಡದ ಕುರ್ಚಿಯಲ್ಲಿರುತ್ತೇನೆ, ಪೇಪರ್ ಓದುತ್ತಿರುತ್ತೇನೆ. ಓದುತ್ತಾ ಓದುತ್ತಾ ಕಣ್ಣು ಹತ್ತುತ್ತದೆ. ಎಚ್ಚರವಾದಾಗ ಪೇಪರ್ ನೆಲದ ಮೇಲಿರುತ್ತದೆ, ಕಾಲು ಸ್ವಲ್ಪ ಸೋತಿರುತ್ತದೆ. ವಯಸ್ಸು. ಅದೇ ದಿನಗಳಲ್ಲಿ ನಮ್ಮನೆಯವಳು ಒಂದು ಸಂಜೆ ನನ್ನ ಚಪ್ಪಲಿ ಎತ್ತಿ ಹಿಡಿದು, "ಎಲ್ಲಿಗೆ ಹೋಗಿದ್ರಿ?" ಎಂದಳು. ಎಲ್ಲಿಗೂ ಇಲ್ಲ, ನಿನ್ನೆ ಪಾರ್ಕಿಗೆ ಹೋಗಿದ್ದೆನಲ್ಲ ಎಂದೆ. "ಪಾರ್ಕಲ್ಲಿ ಗ್ರೀಸ್ ಬೆಳೀತಾರಾ ಈಗ?" ಎಂದಳು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೂ ಅವಳು ನನ್ನನ್ನು ನೋಡುತ್ತಲೇ ಇದ್ದಳು. ನಿಮಗೂ ನಗು ಬರಲಿ ಎಂದು ಇದನ್ನು ಹೇಳಿದೆ. ಯಾರೂ ನಗುತ್ತಿಲ್ಲ.

ಹೇಳುವುದೇನೆಂದರೆ, ಈ ಮನುಷ್ಯನ ತಲೆ ಕೆಟ್ಟಿದೆ. ಪ್ರೀತಿಯಿಂದ ಹೇಳುತ್ತಿದ್ದೇನೆ, ಗೌರವದಿಂದ ಹೇಳುತ್ತಿದ್ದೇನೆ. ಬಾರದವರು ಬಂದರು ಎನ್ನುತ್ತಾನೆ, ಹೇಳದವರು ಹೇಳಿದರು ಎನ್ನುತ್ತಾನೆ. ನಾನು ಇದನ್ನು ಇನ್ನೊಂದು ವರ್ಷ ತಡೆದುಕೊಳ್ಳುತ್ತಿದ್ದೆನೇನೋ. ಸನ್ಮಾನದ ದಿನವೇ ಎತ್ತುವ ಮಾತೂ ಇದಲ್ಲ. ಆದರೆ ಇವತ್ತು ಬೆಳಿಗ್ಗೆ ಅವನು ಮಿತಿ ಮೀರಿದ.

ನಾನು ಬಚ್ಚಲಿನ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದೆ. ಬೀದಿಯಲ್ಲಿ ಒಂದು ಇಂಜಿನ್ನು ನಿಧಾನವಾಗಿ ಬಂತು, ಬಂದು ನಿಂತಿತು. ಆ ಸದ್ದು ಯಾರದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದಕ್ಕೆ ಹೋಗಲಿ ಎಂದು ಕಾದೆ. ಹೋಗಲಿಲ್ಲ. ಮುಖದ ತುಂಬ ನೊರೆ, ಕಿಟಕಿಯಿಂದ ಬಗ್ಗಿ ನೋಡಿದರೆ ನಮ್ಮ ಗೇಟಿನ ಮುಂದೆ ವ್ಯಾನು. ನಮ್ಮ ಗೇಟು! ಆ ಮನೆಯಲ್ಲಿರುವುದು ಇಬ್ಬರೇ, ನಾನು ಮತ್ತು ಅವಳು. ನಮಗೆ ಮಕ್ಕಳಿಲ್ಲ, ಬಾಡಿಗೆಗೂ ಯಾರಿಲ್ಲ. ನೊರೆ ಒರೆಸಿಕೊಂಡು ಅವನನ್ನು ಅಲ್ಲಿಂದ ಅಟ್ಟಬೇಕೆಂದು ಓಡಿ ಬರುವಷ್ಟರಲ್ಲಿ, ಅವಳು ಟೀ ಲೋಟ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಅವನಿಗೆ ಟೀ ಕೊಟ್ಟಿದ್ದಾಳೆ! ಇಬ್ಬರೂ ಏನೋ ಮಾತಾಡುತ್ತಿದ್ದಾರೆ. ಅವಳು ನಗುತ್ತಿದ್ದಾಳೆ. ವ್ಯಾನಿನ ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಹಲಗೆಯ ಮೇಲೆ ಹೊಸದಾಗಿ ಒಗೆದ ಬಿಳಿ ಬಟ್ಟೆ ಹಾಸಿತ್ತು, ಸುಕ್ಕಿಲ್ಲದ ಹಾಗೆ.

"ಯಾರು ಬರೋಕೆ ಹೇಳಿದ್ದು ನಿನಗೆ?" ಎಂದು ಕೂಗಿದೆ.

"ನಿನ್ನೆ ಸಂಜೆ ನೀವೇ ಹೇಳಿದ್ರಿ. ಬೆಳಿಗ್ಗೆ ನಮ್ಮನೆಗೆ ಬಾ ಅಂತ" ಎಂದ. ಆಮೇಲೆ ನನ್ನ ಮುಖದ ಕಡೆಯಿಂದ ಅವಳ ಮುಖದ ಕಡೆಗೆ ತಿರುಗಿ, "ಬೇಗ ಬಂದ್ನೇನೋ" ಎಂದ.

"ಪರವಾಗಿಲ್ಲ ಬಿಡಿ ಅಣ್ಣ" ಎಂದಳು ನಮ್ಮನೆಯವಳು. ಲೋಟ ಇಸಿದುಕೊಂಡು ಒಳಗೆ ಬಂದಳು. ನಾನು ಅವನಿಗೆ ಏನು ಬೈದೆನೋ ನನಗೇ ನೆನಪಿಲ್ಲ. ಹೊರಟುಹೋದ. ಒಳಗೆ ಬಂದರೆ ಅವಳು ತನ್ನ ಒಳ್ಳೆ ಬಟ್ಟೆ ತೆಗೆದು ಇಸ್ತ್ರಿ ಹಾಕುತ್ತಿದ್ದಳು. ಸಭೆಗೆ ಬರುತ್ತೀಯಾ ಎಂದೆ. "ನೋಡ್ತೀನಿ" ಎಂದಳು. ಬಟ್ಟೆಯನ್ನು ಮಡಿಸಿ ಕುರ್ಚಿಯ ಮೇಲಿಟ್ಟಳು. ಮಧ್ಯಾಹ್ನ ನನಗೆ ಬಡಿಸಿದಳು, ಇನ್ನೊಂದು ಸಲ ಹಾಕಿಸಿಕೊಳ್ಳಿ ಎಂದು ಹಟ ಮಾಡಿದಳು. ಹೊರಡುವ ಹೊತ್ತಿಗೆ, "ಕಾಲು ನೋಯ್ತಿದೆ, ನೀವು ಹೋಗಿ. ಗಟ್ಟಿಯಾಗಿ ಮಾತಾಡಿ. ಆದ್ರೆ ಆ ಅಣ್ಣನ್ನ ಬೈಬೇಡಿ, ಅವರು ಹೇಳಿದ ಕೆಲಸ ಮಾಡೋರು" ಎಂದಳು.

ಬೈಯುತ್ತಿಲ್ಲ. ನೀವೇ ಹೇಳಿ, ಬೈದೆನೇ? ಕಾಲು ನೋವಿಗೆ ಯಾರೂ ಸಾಯುವುದಿಲ್ಲ. ಸುಮ್ಮನೆ ಜೊತೆಗಿರಲಿ ಎಂದು ಪಕ್ಕದ ಮನೆಯ ನರ್ಸಮ್ಮನಿಗೆ ಹೇಳಿ ಬಂದಿದ್ದೇನೆ. ನಾನು ಬರುವವರೆಗೆ ಅವಳ ಹತ್ತಿರದಿಂದ ಏಳಬೇಡ, ಏನೇ ಆದರೂ ಏಳಬೇಡ ಎಂದಿದ್ದೇನೆ. ಭಯದಿಂದ ಅಲ್ಲ. ಮಾತಿಗೆ ಜೊತೆ ಬೇಕಲ್ಲ.

ಇನ್ನು ನಿರ್ಣಯ. ನಾನು ಬರೆದು ತಂದಿಲ್ಲ, ಬಾಯಲ್ಲೇ ಮಂಡಿಸುತ್ತೇನೆ. ಸಂಘದ ಶವದ ವ್ಯಾನನ್ನು ನಿಧಾನಣ್ಣ ಈ ಕ್ಷಣದಿಂದ ಓಡಿಸತಕ್ಕದ್ದಲ್ಲ, ಹೊಸ ಚಾಲಕ ಬರುವವರೆಗೆ ವ್ಯಾನು ನಿಂತಲ್ಲಿಂದ ಕದಲತಕ್ಕದ್ದಲ್ಲ. ಇದೇ ನಿರ್ಣಯ. ಈ ಕ್ಷಣದಿಂದ ಎಂಬ ಮಾತನ್ನು ಗಮನಿಸಿ. ನಾಳೆ ಬೇಡ, ಸಭೆ ಮುಗಿದ ಮೇಲೆ ಬೇಡ, ಈ ಕ್ಷಣದಿಂದ. ಹೊರಗೆ ಅಂಗಳದಲ್ಲಿ ವ್ಯಾನನ್ನು ಗೇಟಿನ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ, ಒಳಗೆ ಬರುವಾಗ ನೋಡಿದೆ. ಪ್ರದರ್ಶನಕ್ಕೆ ಎಂದು ಅಧ್ಯಕ್ಷರು ಹೇಳಿದರು. ಪ್ರದರ್ಶನದ ಗಾಡಿ ಗೋಡೆ ಕಡೆಗೆ ಮುಖ ಮಾಡಿ ನಿಂತರೂ ನಡೆಯುತ್ತದೆ.

ಗೋಡೆ ಹತ್ತಿರದಿಂದ ಯಾರೋ, ಈ ಮಧ್ಯೆ ಯಾರಾದರೂ ಸತ್ತರೆ ಏನು ಗತಿ ಎಂದರು. ಒಳ್ಳೆಯ ಪ್ರಶ್ನೆ. ನನ್ನ ಉತ್ತರ: ಈ ಮಧ್ಯೆ ಯಾರೂ ಸಾಯುವುದಿಲ್ಲ.

ಹಾಗೆ ನೋಡಬೇಡಿ ನನ್ನನ್ನು. ಕೈ ಎತ್ತಿ. ಈ ಸಂಘದಲ್ಲಿ ನಾನು ಕೈ ಎತ್ತಿ ಎಂದಾಗ ನೀವು ಎತ್ತದೆ ಉಳಿದದ್ದುಂಟೇ? ಗುಂಡಿನ ಎದುರಿಗೆ ಎತ್ತಿದ ಕೈಗಳು ಇವು. ಎತ್ತಿ. ಅಲ್ಲಿ ಹಿಂದೆ? ಎತ್ತಿ. ಸಾಕು. ಅಧ್ಯಕ್ಷರೇ, ಬಹುಮತ. ನಿರ್ಣಯ ಅಂಗೀಕಾರವಾಗಿದೆ ಎಂದು ಘೋಷಿಸಿ. ತಲೆ ಅಲ್ಲಾಡಿಸಿದರೂ ಸಾಕು.

ನಿಧಾನಣ್ಣ, ಕೀ.

ನೋಡಿದಿರಾ? ನಾನು ಕೈ ಚಾಚುವ ಮೊದಲೇ ಮೇಜಿನ ಮೇಲಿಟ್ಟಿದ್ದಾನೆ. ಮುಖದಲ್ಲಿ ಸಿಟ್ಟಿಲ್ಲ. ಇವನ ಇಡೀ ಬದುಕು ಹೀಗೇ. ಇಗೋ, ಕೀ ನನ್ನ ಜೇಬಿಗೆ ಬಂತು. ಇನ್ನೂ ಬಿಸಿಯಾಗಿದೆ. ಈಗ ಹೇಳಿ, ವ್ಯಾನು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಯಾರ ಬಾಗಿಲಿಗೂ ಹೋಗುವುದಿಲ್ಲ. ಈಗ ನಾನು ನೆಮ್ಮದಿಯಿಂದ ಅಭಿನಂದನೆಯ ಮಾತು ಆಡಬಹುದು. ಎಲ್ಲಿಂದ ಶುರು ಮಾಡಲಿ? ಮುಷ್ಕರದ ಮೂರನೇ ವಾರದಲ್ಲಿ, ಮನೆಯಲ್ಲಿ ಒಲೆ ಹೊತ್ತದ ದಿನಗಳಲ್ಲಿ, ಈ ನಿಧಾನಣ್ಣ...

ಬಾಗಿಲಲ್ಲಿ ಯಾರದು?

ದಾರಿ ಬಿಡಬೇಡಿ. ಅಲ್ಲೇ ನಿಲ್ಲಲಿ. ನರ್ಸಮ್ಮ, ಅಲ್ಲೇ ನಿಲ್ಲು, ಮುಂದೆ ಬರಬೇಡ. ನಾನು ಮಾತಾಡುತ್ತಿದ್ದೇನೆ, ಕಾಣುವುದಿಲ್ಲವೇ? ಸಭೆಗೆ ಒಂದು ಶಿಸ್ತು ಇರುತ್ತದೆ. ಭಾಷಣದ ನಡುವೆ ಬಂದು... ಹೇಳುತ್ತಿದ್ದೆ, ಒಲೆ ಹೊತ್ತದ ದಿನಗಳಲ್ಲಿ ನಿಧಾನಣ್ಣ ತನ್ನ ಮನೆಯ ಅಕ್ಕಿಯನ್ನು ಟವೆಲ್ಲಿನಲ್ಲಿ ಕಟ್ಟಿ ತಂದು ನಮ್ಮ ಹೊಸಿಲಲ್ಲಿಟ್ಟು ಹೋದ. ನಮ್ಮನೆಯವಳು ಅದನ್ನು ಬೇಯಿಸಿ ಲೈನಿಗೆಲ್ಲ ಹಂಚಿದಳು, ನನಗೆ ಗಂಜಿ ಕುಡಿಸಿದಳು. ಅವಳಿಗೆ ಆಗ ಇಪ್ಪತ್ತು. ಇಲ್ಲ, ಇಪ್ಪತ್ತೊಂದು. ಎಷ್ಟು ಜೋರು ಗಂಟಲು ಅಂತೀರಿ! ಅವಳು ಗೇಟಿನಲ್ಲಿ ಘೋಷಣೆ ಕೂಗಿದರೆ ಒಳಗೆ ಮಿಷನ್ನಿನ ಮೇಲೆ ಕೇಳುತ್ತಿತ್ತು...

ನರ್ಸಮ್ಮ, ಏಳಬೇಡ ಅಂದಿದ್ದೆನಲ್ಲ ತಾಯಿ. ನೀನು ಇಲ್ಲಿಗೆ ಬಂದರೆ ಅಲ್ಲಿ ಅವಳ ಹತ್ತಿರ ಯಾರಿದ್ದಾರೆ?

ಬೇಡ, ಹೇಳಬೇಡ. ತಲೆ ಅಲ್ಲಾಡಿಸಿದ್ದು ಕಾಣಿಸಿತು.

ಒಂದು ನಿಮಿಷ. ನೀರು ಬೇಡ, ಅಲ್ಲೇ ಇಡಿ.

ಅಧ್ಯಕ್ಷರೇ, ಕಾರ್ಯಕಲಾಪದ ಒಂದು ಮಾತು. ಅಂಗೀಕಾರವಾದ ನಿರ್ಣಯಕ್ಕೆ ಅದೇ ಸಭೆಯಲ್ಲಿ ತಿದ್ದುಪಡಿ ತರಲು ನಮ್ಮ ಸಂಘದಲ್ಲಿ ಅವಕಾಶವಿದೆ. ಮಂಡಿಸಿದವನೇ ತರಬೇಕು. ನಾನೇ ತರುತ್ತಿದ್ದೇನೆ. 'ಈ ಕ್ಷಣದಿಂದ' ಎಂದು ಇರುವಲ್ಲಿ 'ನಾಳೆಯಿಂದ' ಎಂದು ಓದಿಕೊಳ್ಳಬೇಕು. ಅಷ್ಟೇ ತಿದ್ದುಪಡಿ. ಕಾರಣ ಕೊಡಬೇಕಾಗಿಲ್ಲ ಎಂದುಕೊಳ್ಳುತ್ತೇನೆ. ಒಪ್ಪುವವರು ಕೈ ಎತ್ತಿ.

ಎಲ್ಲರೂ. ನನ್ನ ಕಣ್ಣಿಗೆ ಎಲ್ಲ ಕೈಗಳೂ ಕಾಣುತ್ತಿವೆ. ಇಳಿಸಿ.

ನಿಧಾನಣ್ಣ, ಇಗೋ ಕೀ. ಕಟ್ಟುಪಾಡಿನ ಪ್ರಕಾರ ಕಾರ್ಯದರ್ಶಿ ಬಾಯಿಬಿಟ್ಟು ಹೇಳಬೇಕು, ಹೇಳುತ್ತಿದ್ದೇನೆ. ನಮ್ಮನೆಗೆ ವ್ಯಾನು ತಗೊಂಡು ಬಾ. ಈ ಮಾತು ಹೇಳುತ್ತಿರುವವನು ನಾನು, ಇಷ್ಟು ಜನ ಸಾಕ್ಷಿಯಿದ್ದಾರೆ. ಏನು? ನಿನ್ನೆಯೇ ಹೇಳಿದ್ದೆನೇ? ಆಯಿತು. ಹಾಗಿದ್ದರೆ ಎರಡನೇ ಸಲ ಹೇಳುತ್ತಿದ್ದೇನೆ ಎಂದುಕೋ. ನಾನು ನಿನ್ನ ಪಕ್ಕ ಕೂರುವುದಿಲ್ಲ, ಹಿಂದೆ ಅವಳ ಜೊತೆ ಕೂರುತ್ತೇನೆ. ಗಿರಣಿ ಗೇಟಿನ ಮುಂದೆ ಹಾದು ಹೋಗು.

ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ ನಿಮಗೂ, ಹೊತ್ತು ಮೀರಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೂ, ಮುಖ್ಯ ಅತಿಥಿಗಳಿಗೂ, ಓಡುತ್ತಾ ಬಂದ ನರ್ಸಮ್ಮನಿಗೂ ಸಂಘದ ಪರವಾಗಿ, ನಮ್ಮ ಮನೆಯ ಪರವಾಗಿ ವಂದನೆಗಳು. ದಯವಿಟ್ಟು ಬಾಗಿಲ ಹತ್ತಿರ ಸ್ವಲ್ಪ ದಾರಿ ಬಿಡಿ.

ನಮಸ್ಕಾರ.